ಕಲ್ಲುಕಿವಿ ಕೇಳಿದ ಫೆಬ್ರವರಿ ಹದಿನಾರು

ಕರೇಗುಂಡಿನಲ್ಲಿ ಐವತ್ತು ದಾಟಿದವರನ್ನು ಯಾರನ್ನೇ ಹಿಡಿದು ಹುಟ್ಟಿದ ತಾರೀಖು ಕೇಳಿ, ಜೂನ್ ಒಂದು ಅನ್ನುತ್ತಾರೆ. ಗಂಡನದೂ ಜೂನ್ ಒಂದು, ಹೆಂಡತಿಯದೂ ಜೂನ್ ಒಂದು, ಮೂರು ತಲೆಮಾರಿನಿಂದ ಮಾತು ಬಿಟ್ಟ ಎದುರುಮನೆಯವನದೂ ಜೂನ್ ಒಂದು. ಕಾರಣ ಇಷ್ಟೇ. ಊರಿನ ಶಾಲೆಯಲ್ಲಿ ಮೂವತ್ತು ವರ್ಷ ಹೆಡ್ ಮಾಸ್ತರಾಗಿದ್ದ ಪುಟ್ಟಸಿದ್ದಯ್ಯನವರು, ಮಗುವನ್ನು ಸೇರಿಸಲು ಬಂದವರು ತಾರೀಖು ಗೊತ್ತಿಲ್ಲ ಎಂದರೆ, ಶಾಲೆ ಶುರುವಾಗುವ ದಿನವನ್ನೇ ಹುಟ್ಟಿದ ದಿನ ಮಾಡಿಬಿಡುತ್ತಿದ್ದರು. ವಯಸ್ಸು ಸಾಲದಿದ್ದರೆ ಇಸವಿಯನ್ನು ಒಂದೆರಡು ಹಿಂದಕ್ಕೆ ಎಳೆಯುತ್ತಿದ್ದರು. ಮಕ್ಕಳು ಹೇಗಾದರೂ ಶಾಲೆಗೆ ಬರಲಿ ಅನ್ನುವುದು ಅವರ ಆಸೆ. ತಾರೀಖಿನ ಮೇಲೆ ಅವರಿಗೆ ಅಂಥ ಭಕ್ತಿಯೇನೂ ಇರಲಿಲ್ಲ.

ಇದು ಇಡೀ ಊರಿಗೆ ಗೊತ್ತಿದ್ದ ಗುಟ್ಟು. ಆದರೂ ಊರು ಅದನ್ನು ಕಿವಿಯಾರೆ ಕೇಳಿದ್ದು 2031ರ ಜೂನ್ ಒಂದರಂದು, ಮರುದನಿ ಕೇಂದ್ರದ ಸಭಾಂಗಣದಲ್ಲಿ.

ತುಮಕೂರು ದಾಟಿ ಪಾವಗಡದ ಕಡೆಗೆ ಹೋಗುವಾಗ ಎಡಕ್ಕೆ ಒಂದೇ ಕಲ್ಲಿನ ಬೆಟ್ಟವೊಂದು ಕಾಣುತ್ತದೆ. ಅದೇ ಕರೇಗುಂಡು. ಮೇಲೆ ಪಾಳೆಯಗಾರನ ಕಾಲದ ಮುರುಕು ಕೋಟೆ, ಕೆಳಗೆ ಬುಡ ಸುತ್ತಿಕೊಂಡು ಊರು. ಬೆಟ್ಟದ ಬುಡದಲ್ಲಿ ಕೊರೆದ ಸುರಂಗದೊಳಗೆ ಮರುದನಿ ಕೇಂದ್ರದ ವಿಜ್ಞಾನಿಗಳು ಒಂದು ಯಂತ್ರ ಕೂರಿಸಿದ್ದರು. ಅದಕ್ಕೆ ಕಾಗದದ ಮೇಲೆ ಉದ್ದನೆಯ ಹೆಸರಿದ್ದರೂ ಊರಿನವರು ಕರೆದದ್ದು ಕಲ್ಲುಕಿವಿ ಅಂತ. ಕಲ್ಲಿನೊಳಗಿನ ಬೆಣಚಿನ ಹರಳುಗಳು ತಮ್ಮ ಹತ್ತಿರ ಆದ ಪ್ರತಿ ಸದ್ದಿಗೂ ಕೂದಲೆಳೆಯಷ್ಟು ಬಾಗುತ್ತವೆ, ಬಾಗಿದ್ದು ಹಾಗೇ ಉಳಿಯುತ್ತದೆ. ಭೂಮಿ ಸೂರ್ಯನನ್ನು ಒಂದು ಸುತ್ತು ಹಾಕಿ ಅದೇ ಜಾಗಕ್ಕೆ ಬಂದಾಗ ಬೆಟ್ಟದ ಮೇಲಿನ ಬಿಸಿಲು, ಎಳೆತ, ಬಿಗಿತ ಎಲ್ಲ ಮತ್ತೆ ಆ ದಿನದ್ದೇ ಆಗುತ್ತವೆ. ಆಗ ಹದವಾಗಿ ಕೆಣಕಿದರೆ ಕಲ್ಲು ಆ ದಿನದ ಸದ್ದನ್ನು ವಾಪಸು ಕೊಡುತ್ತದೆ. ಫೆಬ್ರವರಿ ಹತ್ತರ ಸದ್ದು ಫೆಬ್ರವರಿ ಹತ್ತಕ್ಕೆ ಮಾತ್ರ, ಅದೇ ಹೊತ್ತಿಗೆ ಮಾತ್ರ. ಅರ್ಧ ಮೈಲಿಯೊಳಗಿನದು ಮಾತ್ರ.

ಇಷ್ಟೇ ಆಗಿದ್ದರೆ ಜಗಳವಿರುತ್ತಿರಲಿಲ್ಲ. ಒಂದು ತಾರೀಖಿನಲ್ಲಿ ನೂರಾರು ವರ್ಷಗಳ ಪದರಗಳು ಹಪ್ಪಳದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ನಡುವಿನ ಒಂದನ್ನು ಎಳೆದರೆ ಉಳಿದವೆಲ್ಲ ಪುಡಿ. ಅಂದರೆ ವರ್ಷದ ಮುನ್ನೂರ ಅರವತ್ತಾರು ತಾರೀಖುಗಳಲ್ಲಿ ಒಂದೊಂದಕ್ಕೆ ಒಂದೇ ಇಸವಿ, ಒಂದೇ ಸಲ. ಯಾವ ತಾರೀಖಿಗೆ ಯಾವ ಇಸವಿ ಅಂತ ಆರಿಸಲು ಒಂದು ಸಮಿತಿ ಆಯಿತು. ಆರಿಸಿದ್ದನ್ನು ದಿನಪಟ್ಟಿ ಅನ್ನುವ ದಪ್ಪ ಪುಸ್ತಕದಲ್ಲಿ ಬರೆದಿಡಲು, ಹೊತ್ತಿಗೆ ಸರಿಯಾಗಿ ಯಂತ್ರ ತಿರುಗಿಸಲು ಒಬ್ಬ ಆಪರೇಟರ್ ಬೇಕಾಯಿತು. ಆ ಕೆಲಸಕ್ಕೆ ತಾಲ್ಲೂಕು ಕಚೇರಿಯಿಂದ ಬಂದವಳು ವನಜಾಕ್ಷಿ.

ಜೂನ್ ಒಂದಕ್ಕೆ ನಾನೂರು ಅರ್ಜಿ ಬಂದವು. ತಾರೀಖು ಮೇಷ್ಟ್ರು ಕೊಟ್ಟದ್ದು ಅಂತ ಗೊತ್ತಿದ್ದರೂ ಎಲ್ಲರಿಗೂ ತಮ್ಮ ಹುಟ್ಟಿನ ಅಳು ಕೇಳಬೇಕು. ಸಮಿತಿ ಚೀಟಿ ಎತ್ತಿತು, 1976 ಬಂತು. ಸಭಾಂಗಣ ತುಂಬಿತ್ತು. ವನಜಾಕ್ಷಿ ಯಂತ್ರ ತಿರುಗಿಸಿದಳು. ಕೂಸಿನ ಅಳು ಬರಲಿಲ್ಲ. ಪುಟ್ಟಸಿದ್ದಯ್ಯ ಮೇಷ್ಟ್ರ ಕಂಚಿನ ಕಂಠ ಬಂತು.

"ಯಾವಾಗ ಹುಟ್ಟಿದ್ದಯ್ಯ ಇವನು?"

"ಅದೇ ಸಾ, ರಾಗಿ ಕುಯ್ಯೋ ಕಾಲ್ದಾಗೆ. ಕರಿ ಎಮ್ಮೆ ಸತ್ತ ವರ್ಷ."

"ಜೂನ್ ಒಂದು. ಬರ್ಕೊಳ್ಳಿ. ಮುಂದಿನವರು ಬನ್ನಿ."

ಹೀಗೆ ನಲವತ್ತು ಸಲ. ಮೊದಲು ಜನ ನಕ್ಕರು, ಆಮೇಲೆ ಕೆಲವರು ಸುಮ್ಮನೆ ಎದ್ದು ಹೋದರು. ವನಜಾಕ್ಷಿ ದಿನಪಟ್ಟಿಯಲ್ಲಿ ‘ಗಮನಾರ್ಹ ಘಟನೆ’ ಅನ್ನುವ ಕಾಲಮಿನ ಕೆಳಗೆ ‘ಶಾಲಾ ದಾಖಲಾತಿ’ ಎಂದು ಬರೆದಳು. ಅವಳದೂ ಜೂನ್ ಒಂದೇ. ಅವಳಿಗೆ ತನ್ನ ನಿಜವಾದ ತಾರೀಖು ಗೊತ್ತಿರಲಿಲ್ಲ.

ಗೋಡೆಗೂ ಕಿವಿಯಿದೆ ಅನ್ನುವುದು ಬೇರೆ ಊರಿಗೆ ಗಾದೆ, ಕರೇಗುಂಡಿಗೆ ಅದು ಸರ್ಕಾರಿ ಕಟ್ಟಡ. ಒಂದೆರಡು ವರ್ಷದಲ್ಲಿ ಜನ ಹೊಂದಿಕೊಂಡರು. ಜೋರಾಗಿ ಜಗಳವಾಡಬೇಕಾದವರು ಕೆರೆ ಏರಿ ದಾಟಿ ಹೋಗಿ ಆಡಿ ಬರುತ್ತಿದ್ದರು. ಹೆಣ್ಣು ನೋಡುವ ಶಾಸ್ತ್ರ ಮನೆಯಲ್ಲಿ, ಕೊಡುವ ಬಿಡುವ ಮಾತು ಹೈವೇ ಪಕ್ಕದ ಹೋಟೆಲಿನಲ್ಲಿ. ಬೆಟ್ಟದ ಬುಡದಲ್ಲಿ ನಡೆಯುವಾಗ ಮುದುಕರೂ ಪಿಸುಗುಟ್ಟುವುದು ಕಲಿತರು. ಮಾತು ಆಡಿದರೆ ಹೋಯಿತು ಅನ್ನುವ ಗಾದೆಯನ್ನು ಯಾರೂ ಹೇಳದೆ ಹೋದರು, ಇಲ್ಲಿ ಆಡಿದ್ದು ಹೋಗುತ್ತಿರಲಿಲ್ಲವಲ್ಲ.

ಇನ್ನೂ ಒಂದು ವಿಚಿತ್ರ ಕಂಡಿತು. ಊರಿನ ಕೆಲವರಿಗೆ ಇದ್ದಕ್ಕಿದ್ದಂತೆ ಇತಿಹಾಸದ ಮೇಲೆ ಪ್ರೀತಿ ಬಂತು. "ನವೆಂಬರ್ ಏಳಕ್ಕೆ ಏನಾದ್ರೂ ದೊಡ್ಡ ಘಟನೆ ಹಾಕಿ ಸಾರ್, ಅವತ್ತು ಯಾವುದೋ ರಾಜ ಇಲ್ಲಿ ಕುದುರೆಗೆ ನೀರು ಕುಡಿಸಿದ್ನಂತೆ" ಎಂದು ಅಕ್ಕಿ ಗಿರಣಿಯವನು ಸಮಿತಿಗೆ ಬರೆದ. ತಾರೀಖನ್ನು ರಾಜನಿಗೆ ಕೊಟ್ಟುಬಿಟ್ಟರೆ ಆ ದಿನದ ಉಳಿದ ಪದರಗಳು ಪುಡಿಯಾಗುತ್ತವೆ, ತನ್ನ ಮನೆಯದೂ ಸೇರಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುವುದು ಇದಕ್ಕೇ. ಕೊನೆಗೆ ಕೇಂದ್ರದ ಮುಖ್ಯಸ್ಥೆ ಡಾ. ನಸೀಮಾ ಬಾನು ಒಂದು ನಿಯಮ ತಂದರು. ಮನೆಮಾತಿನ ದಿನವನ್ನು ಕೇಳಬೇಕಾದರೆ, ಅದರಲ್ಲಿ ಬದುಕಿರುವವರ ದನಿ ಇದ್ದರೆ ಅವರ ಸಹಿ ಇರಲೇಬೇಕು. ಜನ ಸ್ವಲ್ಪ ಉಸಿರಾಡಿದರು.

ವನಜಾಕ್ಷಿಗೆ ಬೇಕಾಗಿದ್ದುದು ಒಂದೇ. ಅವಳನ್ನು ಹೆತ್ತು ಅಂದೇ ತೀರಿಕೊಂಡ ತಾಯಿ ಅನಸೂಯಳ ದನಿ ಒಮ್ಮೆ ಕೇಳಬೇಕು. ಅವಳದೊಂದು ಫೋಟೋ ಕೂಡ ಇರಲಿಲ್ಲ. ಅಪ್ಪ ಸೊಲ್ಲಾಪುರದ ಗಿರಣಿ ಸೇರಿ ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡು, ಅಲ್ಲೇ ಸತ್ತ. ಅವಳನ್ನು ಸಾಕಿದ್ದು ಅಪ್ಪನ ತಂಗಿ ಕೆಂಪಮ್ಮ, ಅವಳ ಕೆಂಪತ್ತೆ. ಅತ್ತೆ ಮದುವೆಯಾಗಲಿಲ್ಲ. ಮಗ್ಗದ ಬೀದಿಯ ಮನೆಯಲ್ಲಿ ಸೀರೆ ನೇಯುತ್ತ, ಬೈಯುತ್ತ, ಎಣ್ಣೆ ಹಚ್ಚಿ ಜಡೆ ಹಾಕುತ್ತ ಇವಳನ್ನು ದೊಡ್ಡವಳನ್ನಾಗಿ ಮಾಡಿದ್ದಳು. ಈಗ ಅತ್ತೆಗೆ ಎಪ್ಪತ್ತೆರಡು. ಮಗ್ಗ ನಿಲ್ಲಿಸಿ ಐದು ವರ್ಷವಾಗಿತ್ತು, ಬೈಯುವುದು ನಿಂತಿರಲಿಲ್ಲ.

"ಅತ್ತೆ, ನಾನು ಹುಟ್ಟಿದ್ದು ಯಾವ ದಿನ?" ಎಂದು ಕೇಳಿದಾಗೆಲ್ಲ ಒಂದೊಂದು ಉತ್ತರ.

"ಶ್ರಾವಣದಾಗೆ ಇರ್ಬೇಕು."

"ಹೋದ್ಸಲ ದೀಪಾವಳಿ ಅಂದೆ."

"ದೀಪಾವಳಿನೇ ಇರ್ಬೋದು. ಇಟ್ಟು ತಿರುವು, ಗಂಟಾಗುತ್ತೆ."

ವನಜಾಕ್ಷಿ ಇದನ್ನು ಮುಪ್ಪಿನ ಮರೆವು ಅಂದುಕೊಂಡಿದ್ದಳು. ಮೂವತ್ತು ವರ್ಷದ ಹಿಂದಿನ ಹಾಲಿನವನ ಹೆಸರು, ಅವನ ಹಸುವಿನ ಹೆಸರು ನೆನಪಿರುವ ಅತ್ತೆಗೆ ಇದೊಂದೇ ಯಾಕೆ ಮರೆಯಿತು ಅಂತ ಅವಳು ಯೋಚಿಸಲಿಲ್ಲ. ಹತ್ತಿರದವರ ವಿಷಯದಲ್ಲಿ ನಾವು ಯಾರೂ ಯೋಚಿಸುವುದಿಲ್ಲ.

2038ರ ಜನವರಿ ಬಂತು. ಮೇಷ್ಟ್ರು ಬರೆದ 1978ರ ಜೂನ್ ಒಂದರ ಪ್ರಕಾರ ವನಜಾಕ್ಷಿಗೆ ಮೇ ಮೂವತ್ತೊಂದಕ್ಕೆ ನಿವೃತ್ತಿ. ಯಂತ್ರದ ಮೇಲೆ ಅವಳ ಕೈ ಇರುವುದು ಇನ್ನು ನಾಲ್ಕೇ ತಿಂಗಳು. ಅಷ್ಟರೊಳಗೆ ಕೇಂದ್ರದ ಅತಿ ದೊಡ್ಡ ದಿನವೊಂದು ಬರುವುದಿತ್ತು, ಫೆಬ್ರವರಿ ಹದಿನಾರು. 1792ರಲ್ಲಿ ಕರೇಗುಂಡಿನ ಕೋಟೆ ಬಿದ್ದ ದಿನ. ಕೋಟೆ ಬಾಗಿಲಿನ ಅಗುಳಿಯನ್ನು ಒಳಗಿನಿಂದ ಯಾರೋ ತೆಗೆದರು ಅನ್ನುವುದು ಊರಿನ ನಂಬಿಕೆ. ಯಾರು ಅನ್ನುವ ಜಗಳದಲ್ಲಿ ಎರಡು ಮನೆತನದವರು ಇವತ್ತಿಗೂ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟುವುದಿಲ್ಲ.

"ಕೋಟೇದು ಹದಿನಾರಕ್ಕೇ ತಾನೆ?" ಎಂದು ಕೆಂಪತ್ತೆ ಆ ತಿಂಗಳಲ್ಲಿ ಮೂರು ಸಲ ಕೇಳಿದಳು.

"ಹೂಂ, ಯಾಕೆ?"

"ಸುಮ್ಕೆ ಕೇಳ್ದೆ. ದೊಡ್ಡ ವಿಚಾರ ಅಲ್ವಾ? ಕೇಳ್ಬೇಕು ಜನ."

ಕೋಟೆಗೆ ಒಂದು ದಿನವೂ ಹತ್ತದ ಅತ್ತೆಗೆ ಇದೇನು ಅಂತ ವನಜಾಕ್ಷಿಗೆ ಒಂದು ಕ್ಷಣ ಅನ್ನಿಸಿತು, ಅಷ್ಟೇ.

ದೊಡ್ಡ ದಿನಕ್ಕೆ ಮೊದಲು ಮೂಲ ದಾಖಲೆ ನೋಡಿ ಟಿಪ್ಪಣಿ ಬರೆಯುವುದು ಆಪರೇಟರಿನ ಕೆಲಸ. ಫೆಬ್ರವರಿ ಮೊದಲ ವಾರ ವನಜಾಕ್ಷಿ ಕಂಟ್ರೋಲ್ ರೂಮಿನಲ್ಲಿ ಕೂತು ಹಿಂದೆ ಹಿಂದೆ ಹೋದಳು. ಸಮಿತಿ ತಾರೀಖನ್ನು ತೆಗೆದುಕೊಂಡದ್ದು ಒಂದು ಸಂಶೋಧನಾ ಪ್ರಬಂಧದಿಂದ, ಅದು ತೆಗೆದುಕೊಂಡದ್ದು ಒಂದು ಸ್ಮರಣ ಸಂಚಿಕೆಯಿಂದ, ಅದು ತೆಗೆದುಕೊಂಡದ್ದು 1980ರಲ್ಲಿ ಅಚ್ಚಾದ ನಲವತ್ತು ಪುಟದ ಒಂದು ಕಿರುಹೊತ್ತಿಗೆಯಿಂದ. ಬರೆದವರು ಪುಟ್ಟಸಿದ್ದಯ್ಯ ಮೇಷ್ಟ್ರು. ಅದರ ಹಿಂದೆ ಏನೂ ಇರಲಿಲ್ಲ.

ಅವಳು ಹದಿನೇಳನೆಯ ಪುಟ ಓದಿದಳು. ‘ಕೋಟೆ ಬಿದ್ದ ದಿನ ಊರಿನವರು ಪ್ರತಿ ವರ್ಷ ತಪ್ಪದೆ ಬುರುಜಿನ ಪೂಜೆ ಮಾಡುತ್ತ ಬಂದಿದ್ದಾರೆ. ಅದು ಮಾಘ ಬಹುಳ ಅಮಾವಾಸ್ಯೆ, ಅಂದರೆ ಫೆಬ್ರವರಿ ಹದಿನಾರು. ಈ ವರ್ಷ ಅಂದು ಸೂರ್ಯಗ್ರಹಣವೂ ಕೂಡಿ ಬಂದಿತ್ತು. ಪಂಜು ಹಿಡಿಯುವ ಹಕ್ಕಿನ ಮಗ್ಗದ ಬೀದಿ ಚಿಕ್ಕಹನುಮಯ್ಯನವರ ಮನೆಯಲ್ಲಿ ಗ್ರಹಣದ ಹೊತ್ತಿನಲ್ಲೇ ಸೊಸೆ ಹೆಣ್ಣುಮಗು ಹೆತ್ತು ತೀರಿಕೊಂಡಿದ್ದರಿಂದ ಸೂತಕವಾಗಿ, ಪೂಜೆ ಬೇರೆಯವರ ಕೈಯಲ್ಲಿ ನಡೆಯಿತು.’

ಚಿಕ್ಕಹನುಮಯ್ಯ ವನಜಾಕ್ಷಿಯ ತಾತ. ಆ ಮನೆಗೆ ಇದ್ದದ್ದು ಒಬ್ಬಳೇ ಸೊಸೆ.

ಅವಳು ಆ ಪುಟವನ್ನು ನಾಲ್ಕು ಸಲ ಓದಿದಳು. ಸಿಕ್ಕಿದ ಕೈಯಲ್ಲೇ ಕಳೆದುಹೋಗುವ ಹಾಗಿತ್ತು. ಅವಳ ತಾರೀಖು ಫೆಬ್ರವರಿ ಹದಿನಾರು, ಅದನ್ನು ಆಗಲೇ ಕೋಟೆಗೆ ಕೊಟ್ಟಾಗಿತ್ತು. ಇನ್ನು ಹತ್ತು ದಿನಕ್ಕೆ 1792 ಎಳೆದರೆ 1980 ಪುಡಿ, ಎಳೆಯುವುದೂ ಅವಳ ಕೈಯೇ.

ಐದನೆಯ ಸಲ ಓದುವಾಗ ಇನ್ನೊಂದು ಕಣ್ಣಿಗೆ ಬಿತ್ತು. ಅಮಾವಾಸ್ಯೆ ಪ್ರತಿ ವರ್ಷ ಹದಿನಾರಕ್ಕೆ ಹೇಗೆ ಬರುತ್ತದೆ? ಮೇಷ್ಟ್ರು ಏನು ಮಾಡಿದ್ದಾರೆ ಅನ್ನುವುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಪುಸ್ತಕ ಬರೆಯುವಾಗ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದ್ದಾರೆ, ಆ ವರ್ಷದ ಮಾಘ ಅಮಾವಾಸ್ಯೆ ಹದಿನಾರಕ್ಕಿತ್ತು, ಬರೆದುಕೊಂಡಿದ್ದಾರೆ. ಊರಿಗೆಲ್ಲ ಜೂನ್ ಒಂದು ಹಂಚಿದ ಅದೇ ಕೈ ಕೋಟೆಗೂ ಒಂದು ತಾರೀಖು ಕೊಟ್ಟುಬಿಟ್ಟಿತ್ತು. ಆಮೇಲೆ ಬಂದ ಪಂಡಿತರೆಲ್ಲ ಅದನ್ನೇ ಎತ್ತಿ ಬರೆದಿದ್ದರು.

ಅವಳು ಪುಸ್ತಕ ಹಿಡಿದು ನಸೀಮಾ ಬಾನು ಅವರ ಕೋಣೆಗೆ ಹೋಗಿ ಎರಡನ್ನೂ ಹೇಳಿದಳು, ಮೊದಲು ತನ್ನ ಹುಟ್ಟು, ಆಮೇಲೆ ಮೇಷ್ಟ್ರ ತಪ್ಪು.

ನಸೀಮಾ ಕನ್ನಡಕ ತೆಗೆದಿಟ್ಟರು. "ಇದರಲ್ಲಿ ನಿಮ್ಮ ಸ್ವಾರ್ಥ ಇದೆ ವನಜಾಕ್ಷಿ. ಗೊತ್ತಲ್ಲ?"

"ಗೊತ್ತು ಮೇಡಂ. ಅದಕ್ಕೇ ಎರಡನ್ನೂ ಒಟ್ಟಿಗೆ ಹೇಳ್ದೆ. ಲೆಕ್ಕ ನೀವೇ ಹಾಕಿ ನೋಡಿ."

ಚಂದ್ರನ ಲೆಕ್ಕ ಸುಳ್ಳು ಹೇಳುವುದಿಲ್ಲ. 1792ರ ಮಾಘ ಅಮಾವಾಸ್ಯೆ ಫೆಬ್ರವರಿ ಇಪ್ಪತ್ತೆರಡಕ್ಕೆ ಬಿತ್ತು. ಹದಿನಾರಕ್ಕೆ ಯಂತ್ರ ತಿರುಗಿಸಿದ್ದರೆ ಮುತ್ತಿಗೆಯ ನಡುವಿನ ಯಾವುದೋ ಮಧ್ಯಾಹ್ನ ಯಾರೋ ಕೆಮ್ಮುವುದನ್ನು ಇಡೀ ರಾಜ್ಯ ಕೂತು ಕೇಳಬೇಕಿತ್ತು. ನಸೀಮಾ ಸಮಿತಿಯವರಿಗೆ ಒಬ್ಬೊಬ್ಬರಿಗೇ ಫೋನು ಮಾಡಿ ಕೋಟೆಯನ್ನು ಇಪ್ಪತ್ತೆರಡಕ್ಕೆ ಸರಿಸಿದರು. ಅಚ್ಚಾಗಿದ್ದ ಆಹ್ವಾನಪತ್ರಿಕೆ ವ್ಯರ್ಥವಾಯಿತೆಂದು ಒಬ್ಬರು ಮುನಿಸಿಕೊಂಡರು.

"ಹದಿನಾರು ಖಾಲಿ ಆಯ್ತು" ಎಂದರು ನಸೀಮಾ. "ಅರ್ಜಿ ಹಾಕಿ. ಆ ಮನೆಯಲ್ಲಿ ಅವತ್ತು ಇದ್ದವರು ಯಾರಾದ್ರೂ ಬದುಕಿದ್ದಾರಾ?"

"ಅತ್ತೆ ಒಬ್ಬಳೇ."

"ಅವರ ಸಹಿ ತನ್ನಿ ಹಾಗಾದ್ರೆ" ಎಂದು ಗುಲಾಬಿ ಬಣ್ಣದ ಒಪ್ಪಿಗೆ ಪತ್ರ ಕೊಟ್ಟರು. ಆ ಸಹಿ ಸಿಗುವುದರಲ್ಲಿ ಇಬ್ಬರಿಗೂ ಅನುಮಾನವಿರಲಿಲ್ಲ.

ಕೆಂಪತ್ತೆ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ವನಜಾಕ್ಷಿ ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು. ಗ್ರಹಣ ಅನ್ನುವ ಮಾತು ಬಂದಾಗ ಅತ್ತೆಯ ಬೆರಳು ನಿಂತವು. ಕಾಗದವನ್ನು ನೋಡಿದಳು, ಮುಟ್ಟಲಿಲ್ಲ.

"ಕೋಟೇದು ಅಂದಿದ್ರಲ್ಲ."

"ಅದು ಇಪ್ಪತ್ತೆರಡಕ್ಕೆ ಹೋಯ್ತು ಅತ್ತೆ."

"ನಾನು ಹಾಕಾಕಿಲ್ಲ ಸಹಿ."

"ಯಾಕೆ?"

"ಸತ್ತೋರ್ನ ಕೆಣಕಬಾರ್ದು."

"ಅತ್ತೆ, ನನಗೆ ಐವತ್ತೆಂಟು. ನಮ್ಮಮ್ಮ ಹೆಂಗಿದ್ಲು ಅಂತ ಇವತ್ತಿನವರೆಗೂ ಗೊತ್ತಿಲ್ಲ. ನಿನಗೆ ತಾರೀಖು ಗೊತ್ತಿತ್ತು. ಗೊತ್ತಿದ್ದೂ ಶ್ರಾವಣ, ದೀಪಾವಳಿ ಅಂತ ಆಟ ಆಡಿಸ್ದೆ."

ಅತ್ತೆ ಅವರೆಕಾಳಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಸೆರಗು ಕೊಡವಿ ಎದ್ದಳು. "ಇಲ್ಲಿ ಬ್ಯಾಡ. ಏರಿ ದಾಟಿ ಹೋಗಾನ ನಡಿ" ಎಂದಳು.

ಜಗಳಕ್ಕೆ ಹೋಗುವ ಜಾಗದಲ್ಲಿ, ಕೆರೆ ಏರಿಯ ಆಚೆ ಹುಣಸೆ ಮರದ ಕೆಳಗೆ ಇಬ್ಬರೂ ಕೂತರು. ಕಲ್ಲುಕಿವಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ.

"ಆವಾಗ ನಂಗೆ ಹದಿನಾಲ್ಕು" ಎಂದಳು ಅತ್ತೆ. "ನಿಮ್ಮಮ್ಮಂಗೆ ಇನ್ನೂ ಮೂರು ವಾರ ಐತೆ ಅಂದಿದ್ರು. ಬಸ್ರಿ ಮೇಲೆ ಗ್ರಹಣದ ನೆರಳು ಬೀಳಬಾರ್ದು ಅಂತ ಒಳಗಿನ ಕೋಣೇಲಿ ಕೂರಿಸಿ, ಕಿಟಕಿ ಮುಚ್ಚಿ, ಹೊರಗಡೆಯಿಂದ ಅಗುಳಿ ಹಾಕಿದ್ರು. ಮನೇರೆಲ್ಲ ಬೀದಿಕೊನೆ ಮಂಟಪಕ್ಕೆ ಹೋಗಿ ಒನಕೆ ಮುಂದೆ ಕೂತ್ರು. ನನ್ನ ಬಾಗಿಲ ಮುಂದೆ ಕೂರಿಸಿ ಅವ್ವ ಹೇಳಿದ್ಲು, ಒನಕೆ ಬೀಳೋವರ್ಗೂ ಅಗುಳಿ ಮುಟ್ಟಬ್ಯಾಡ ಅಂತ."

ತಟ್ಟೆಯ ನೀರಿನಲ್ಲಿ ನೆಟ್ಟಗೆ ನಿಲ್ಲಿಸಿದ ಒನಕೆ ಗ್ರಹಣ ಬಿಟ್ಟಾಗ ತಾನೇ ಬೀಳುತ್ತದೆ ಅನ್ನುವುದು ಆ ಕಾಲದ ನಂಬಿಕೆ. ಒನಕೆ ಬಿದ್ದ ಸದ್ದೇ ಊರಿಗೆ ಬಿಡುಗಡೆ.

"ನಾನು ಮುಟ್ಟಿದೆ" ಎಂದಳು ಅತ್ತೆ. "ಒನಕೆ ಬೀಳೋಕೆ ಮುಂಚೇನೇ ಅಗುಳಿ ತೆಗೆದೆ. ಕಿಟಕೀನೂ ತೆಗೆದೆ. ಗ್ರಹಣದ ಬಿಸಿಲು ಅವಳ ಮೈಮೇಲೆ ಬಿತ್ತು. ಅವ್ವ ಬಂದು ನೋಡೋ ಹೊತ್ತಿಗೆ ನಿಮ್ಮಮ್ಮ ಇರ್ಲಿಲ್ಲ. ‘ನಿನ್ನ ಚಪಲಕ್ಕೆ ಒಂದು ಜೀವ ಹೋಯ್ತಲ್ಲೇ’ ಅಂದ್ಲು. ಸಾಯೋ ದಿನಾನೂ ಅದೇ ಅಂದ್ಲು. ಆ ಸದ್ದು ಕಲ್ಲಲ್ಲೈತೆ. ಅದ್ನ ಊರ ಮುಂದೆ ಹಾಕ್ತೀಯೇನೇ?"

"ನೆರಳು ಬಿದ್ದು ಯಾರೂ ಸಾಯಲ್ಲ ಅತ್ತೆ. ಬಾಗಿಲು ಹಾಕಿದ್ದಕ್ಕೆ ಸತ್ತಿದ್ದಾಳೆ. ನೀನು ತೆಗೆದದ್ದಕ್ಕಲ್ಲ."

"ನೀನು ಓದಿದೋಳು, ಹಂಗಂತೀಯ."

ಐವತ್ತೆಂಟು ವರ್ಷ ಕೂತ ನಂಬಿಕೆ ಒಂದು ಮಾತಿಗೆ ಏಳುವುದಿಲ್ಲ. ವನಜಾಕ್ಷಿಗೆ ಸಿಟ್ಟು ಬಂತು. ಸತ್ತ ಅಜ್ಜಿಯ ಮೇಲೆ ಬಂದದ್ದು ಎದುರಿಗಿದ್ದ ಅತ್ತೆಯ ಮೇಲೆ ತಿರುಗಿತು.

"ಹಾಗಾದ್ರೆ ನನ್ನ ಸಾಕಿದ್ದು? ಅದು ಪ್ರಾಯಶ್ಚಿತ್ತಕ್ಕಾ?"

ಅತ್ತೆ ಸುಳ್ಳು ಹೇಳಲಿಲ್ಲ. "ಮೊದಲ್ನೇ ವರ್ಷ ಅದಕ್ಕೇ. ಆಮೇಲೆ ಯಾತಕ್ಕೆ ಅಂತ ಮರ್ತೇಹೋಯ್ತು" ಎಂದಳು.

ಮನೆಗೆ ಬಂದು ಯಾರೂ ಊಟ ಮಾಡಲಿಲ್ಲ. ಮುಂದಿನ ದಿನಗಳಲ್ಲಿ ಅನ್ನ, ಸಾರು, ಬಾಗಿಲು, ಬೀಗ ಇಷ್ಟರ ಬಗ್ಗೆ ಮಾತ್ರ ಮಾತಾಡಿದರು. ಒಪ್ಪಿಗೆ ಪತ್ರ ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ಹಾಗೇ ತೂಗುತ್ತಿತ್ತು. ವನಜಾಕ್ಷಿ ಅದನ್ನು ತೆಗೆಯಲೂ ಇಲ್ಲ, ನೆನಪಿಸಲೂ ಇಲ್ಲ. ಸಹಿಯನ್ನು ತಾನೇ ಗೀಚಿಬಿಡಬಹುದು ಅಂತ ಒಂದು ಬೆಳಗ್ಗೆ ಹೊಳೆಯಿತು. ಅತ್ತೆಯ ಕೈಬರಹ ಅವಳಿಗೆ ಚೆನ್ನಾಗಿ ಬರುತ್ತಿತ್ತು, ಪಿಂಚಣಿ ಕಾಗದಗಳಿಗೆ ಹಾಕಿಯೂ ಇದ್ದಳು. ಆ ಯೋಚನೆಗೆ ನಾಚಿಕೆಪಟ್ಟು ಆಫೀಸಿಗೆ ಹೋಗಿ, ದಿನಪಟ್ಟಿಯಲ್ಲಿ ಫೆಬ್ರವರಿ ಹದಿನಾರರ ಎದುರಿಗೆ ‘ಯಂತ್ರಕ್ಕೆ ಬಿಡುವು’ ಎಂದು ಪೆನ್ಸಿಲ್ಲಿನಲ್ಲಿ ಬರೆದಳು.

ನಸೀಮಾ ನೋಡಿದರು. "ಮುಂದಿನ ವರ್ಷ?"

"ಮುಂದಿನ ವರ್ಷ ನಾನಿರಲ್ಲ ಮೇಡಂ."

"ಆಪರೇಟರ್ ಇರಲ್ಲ. ಕಲ್ಲು ಇರುತ್ತೆ" ಎಂದು ನಸೀಮಾ ಅಷ್ಟಕ್ಕೇ ಬಿಟ್ಟರು.

ಫೆಬ್ರವರಿ ಹದಿನಾರು ಮಂಗಳವಾರ. ಸಭಾಂಗಣಕ್ಕೆ ಬೀಗ ಹಾಕಿತ್ತು. ವನಜಾಕ್ಷಿ ಕಂಟ್ರೋಲ್ ರೂಮಿನಲ್ಲಿ ಇಪ್ಪತ್ತೆರಡರ ಕಾರ್ಯಕ್ರಮಕ್ಕೆ ತಂತಿಗಳನ್ನು ಪರೀಕ್ಷಿಸುತ್ತಿದ್ದಳು. ಮೂರು ಗಂಟೆಯ ಹೊತ್ತಿಗೆ ಹೊರಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಕೆಂಪತ್ತೆ ಮದುವೆಮನೆಗೆ ಉಡುವ ಹಸಿರು ಸೀರೆ ಉಟ್ಟು, ಗೋಡೆ ಹಿಡಿದು ನಿಂತಿದ್ದಳು. ಕೈಯಲ್ಲಿ ಗುಲಾಬಿ ಕಾಗದ. ಕೆಳಗೆ ದೊಡ್ಡ ಅಕ್ಷರದಲ್ಲಿ ಕೆಂಪಮ್ಮ ಎಂದು ಬರೆದಿತ್ತು.

"ಊರಿಗೆಲ್ಲ ಕೇಳಿಸ್ತೀಯಾ?" ಎಂದಳು.

"ಇಲ್ಲ. ಈ ಕೋಣೇಲಿ ಅಷ್ಟೇ."

"ಹಾಕು. ನಾನು ಸತ್ತ ಮೇಲೆ ನೀನೊಬ್ಳೇ ಕೂತು ಕೇಳೋದು ಬ್ಯಾಡ. ಏನೈತೋ ನನ್ನ ಮುಂದೇನೇ ಕೇಳು."

ನಸೀಮಾ ಒಂದು ಕುರ್ಚಿ ತಂದು ಹಾಕಿ ತಾವು ಹೊರಡಲು ನೋಡಿದರು. "ಕೂತ್ಕಳಿ ಅಮ್ಮಾ, ಓದಿದೋರು ಒಬ್ರು ಇರ್ಲಿ" ಎಂದಳು ಅತ್ತೆ. ವನಜಾಕ್ಷಿ ಮಾಪಕವನ್ನು 1980ಕ್ಕೆ ತಂದು ನಿಲ್ಲಿಸಿದಳು. ಏಳು ವರ್ಷದಲ್ಲಿ ನೂರಾರು ಸಲ ಮಾಡಿದ ಕೆಲಸವನ್ನು ಅವತ್ತು ಎರಡೆರಡು ಸಲ ನೋಡಿ ಮಾಡಿದಳು.

ಮೊದಲು ಏನೂ ಕೇಳಲಿಲ್ಲ. ಆ ದಿನ ಊರೆಲ್ಲ ಬಾಗಿಲು ಹಾಕಿಕೊಂಡಿದ್ದರಿಂದ ಅಂಥ ನಿಶ್ಶಬ್ದವನ್ನು ಯಂತ್ರ ಅದುವರೆಗೆ ಹಿಡಿದಿರಲಿಲ್ಲ. ಎಲ್ಲೋ ಒಂದು ಆಡು ಕೂಗಿತು. ಗೂಡು ಸೇರುವ ಹೊತ್ತಾಯಿತೆಂದು ಹಕ್ಕಿಗಳು ಒಮ್ಮೆ ಗದ್ದಲ ಮಾಡಿ ಸುಮ್ಮನಾದವು. ವನಜಾಕ್ಷಿ ಮಗ್ಗದ ಬೀದಿಯ ದಿಕ್ಕಿಗೆ ಹದ ಮಾಡುತ್ತ ಹೋದಳು. ಆಮೇಲೆ ಒಂದು ಹೆಣ್ಣುದನಿ, ಗೋಡೆಯ ಆಚೆಯಿಂದ ಬಂದ ಹಾಗೆ.

"ಕೆಂಪಿ. ಕೆಂಪೀ. ಅಗುಳಿ ತೆಗಿಯೇ."

ಅತ್ತೆ ಕುರ್ಚಿಯ ಕೈ ಹಿಡಿದುಕೊಂಡಳು. ವನಜಾಕ್ಷಿಗೆ ಮೊದಲು ಹೊಳೆದದ್ದು, ಈ ದನಿ ಎಷ್ಟು ಚಿಕ್ಕ ವಯಸ್ಸಿನದು ಅಂತ. ತನಗೆ ಮಗಳಿದ್ದರೆ ಅವಳ ದನಿ ಹೀಗಿರುತ್ತಿತ್ತು.

"ಅವ್ವ ಬೈತಾಳೆ ಅತ್ತಿಗೆ. ಒನಕೆ ಬಿದ್ದಿಲ್ಲ." ಇದು ಹುಡುಗಿ ಕೆಂಪಿ, ಅಳುವ ಹಾಗಿತ್ತು.

"ನೋವು ಬಂದೈತೆ ಕಣೆ. ಕೂಸು ಬರ್ತೈತೆ. ನನ್ನೊಬ್ಬಳ ಕೈಲಿ ಆಗಾಕಿಲ್ಲ."

"ನೆರಳು ಬಿದ್ರೆ?"

"ಬೀಳ್ಲಿ. ಬೈದ್ರೆ ನಾನೇ ತೆಗಿ ಅಂದೆ ಅಂತ ಹೇಳು. ತೆಗಿ ನನ್ನವ್ವ."

ಹೀಗೇ ಇಪ್ಪತ್ತು ನಿಮಿಷ. ಕರೆಯುವುದು, ನರಳುವುದು, ಮತ್ತೆ ಕರೆಯುವುದು. ನಾಲ್ಕು ಗಂಟೆ ಹದಿನಾಲ್ಕು ನಿಮಿಷಕ್ಕೆ ಮರದ ಅಗುಳಿ ಸರಿದ ಸದ್ದು ಬಂತು. ಆಮೇಲೆ ಕೇಳಿದ್ದೆಲ್ಲ ಅವಸರ. ಹೆಂಗಸಿನ ಕೂಗು. ಹುಡುಗಿಯ ಗಾಬರಿ, "ಅತ್ತಿಗೆ, ಅಳ್ತಾ ಇಲ್ಲ, ನೀಲಿ ಆಗೈತೆ, ಕುತ್ತಿಗೆಗೆ ಸುತ್ಕಂಡೈತೆ." ಅನಸೂಯಳ ದನಿ, ಬಳಲಿದ್ದರೂ ತಣ್ಣಗೆ, "ಹೆದರಬ್ಯಾಡ. ಬೆರಳು ಹಾಕಿ ಬಿಡಿಸು. ಹಂಗೇ. ಈಗ ಬೆನ್ನು ತಟ್ಟು." ತಟ್ಟಿದ ಸದ್ದು, ಇನ್ನೊಮ್ಮೆ, ಇನ್ನೊಮ್ಮೆ. ಆಮೇಲೆ ಕೂಸು ಅತ್ತಿತು, ನಾಲ್ಕು ಗಂಟೆ ಹದಿನೆಂಟು ನಿಮಿಷ.

ತನ್ನ ಅಳುವನ್ನು ತಾನೇ ಕೇಳಿದ ವನಜಾಕ್ಷಿ ಕಣ್ಣು ಒರೆಸಿಕೊಳ್ಳಲಿಲ್ಲ.

"ಏನೇ?"

"ಹೆಣ್ಣು ಅತ್ತಿಗೆ."

"ಕಿಟಕಿ ತೆಗಿ. ಬೆಳಕಿಗೆ ಹಿಡಿ, ನೋಡ್ತೀನಿ." ಕಿಟಕಿಯ ಬಾಗಿಲು ಕಿರುಗುಟ್ಟಿತು. ಗ್ರಹಣ ಅರ್ಧ ಬಿಟ್ಟಿದ್ದ ಹೊತ್ತು ಅದು, ಎಷ್ಟು ಬೆಳಕಿತ್ತೋ. ಅನಸೂಯ ನಕ್ಕಳು, ಸಣ್ಣಗೆ. "ಅಯ್ಯ, ಮೂಗು ನಿಂದೇನೆ. ಇವಳ್ನ ನೀನೇ ಹಿಡ್ಕೊ ಕೆಂಪಿ. ಕೆಳಗೆ ಮಲಗಿಸ್ಬ್ಯಾಡ, ಥಂಡಿ."

ಅದಾದ ಮೇಲೆ ಆ ದನಿ ಬರಲಿಲ್ಲ. ಕೂಸಿನ ಅಳು, ಹುಡುಗಿ ಅದಕ್ಕೆ ಏನೋ ಹೇಳುವುದು, ಅತ್ತಿಗೆ ಅತ್ತಿಗೆ ಎಂದು ಕರೆಯುವುದು ಮಾತ್ರ. ನಾಲ್ಕು ಐವತ್ತಕ್ಕೆ ದೂರದಲ್ಲಿ ಮಂಟಪದ ಕಲ್ಲುಹಾಸಿನ ಮೇಲೆ ಒನಕೆ ಬಿತ್ತು. ಊರಿನ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ವನಜಾಕ್ಷಿ ಯಂತ್ರ ನಿಲ್ಲಿಸಿದಳು.

ಅತ್ತೆ ದನಿ ಬಂದ ಪೆಟ್ಟಿಗೆಯ ಕಡೆಗೆ ಬಾಗಿದಳು. "ಕರೆದಿದ್ಲು" ಎಂದಳು. "ಅವಳೇ ಕರೆದಿದ್ಲು. ಅವ್ವ ಚಪಲ ಚಪಲ ಅಂತ ಅಂದೂ ಅಂದೂ, ನಾನೇ ಸುಮ್ಕೆ ತೆಗೆದೆ ಅಂದ್ಕಂಡಿದ್ದೆ. ಕರೆದಿದ್ದು ಮರ್ತೇಹೋಗಿತ್ತು."

ನಸೀಮಾ ಮೆಲ್ಲಗೆ ಹೇಳಿದರು, "ಇನ್ನೈದು ನಿಮಿಷ ತಡ ಆಗಿದ್ರೆ ಮಗೂನೂ ಉಳೀತಿರಲಿಲ್ಲ ಅಮ್ಮಾ."

ಅತ್ತೆ ತಲೆಯಾಡಿಸಿದಳು. ಒಪ್ಪಿದಳೋ, ಕೇಳಿಸಿಕೊಂಡಳೋ ಗೊತ್ತಾಗಲಿಲ್ಲ. ವನಜಾಕ್ಷಿ ಬಂದು ಅವಳ ಕಾಲ ಬಳಿ ನೆಲದ ಮೇಲೆ ಕೂತಳು. ಅತ್ತೆ ಅಭ್ಯಾಸಬಲದಿಂದ ಅವಳ ತಲೆ ಮುಟ್ಟಿ, "ಎಣ್ಣೆ ಕಂಡು ಎಷ್ಟು ದಿನ ಆಯ್ತೇ?" ಎಂದು ಬೈದಳು.

ಹೊರಡುವ ಮೊದಲು ವನಜಾಕ್ಷಿ ದಿನಪಟ್ಟಿಯ ಪೆನ್ಸಿಲ್ ಗೆರೆ ಒರೆಸಿ ಶಾಯಿಯಲ್ಲಿ ಬರೆದಳು. ಫೆಬ್ರವರಿ 16. ಇಸವಿ 1980. ಗಮನಾರ್ಹ ಘಟನೆ: ಅಗುಳಿ ತೆಗೆದದ್ದು.

ಆರು ದಿನ ಕಳೆದು ಕೋಟೆಯ ಅಗುಳಿಯ ಸದ್ದನ್ನೂ ರಾಜ್ಯವೆಲ್ಲ ಕೇಳಿತು. ಅದನ್ನು ತೆಗೆದವನು ಒಂದು ಮಾತೂ ಆಡದೆ ತೆಗೆದಿದ್ದ. ಆ ಎರಡು ಮನೆತನಗಳು ಈಗಲೂ ಮಾತಾಡುವುದಿಲ್ಲ. ಅದು ಆಮೇಲಿನ ಮಾತು.

ಹದಿನಾರರಂದು ಐದೂವರೆಯ ಬಿಸಿಲಿನಲ್ಲಿ ಅತ್ತೆ ಸೊಸೆ ಬೆಟ್ಟದ ಬುಡದ ದಾರಿಯಲ್ಲಿ ನಡೆದು ಹೊರಟರು. ಎದುರಿಗೆ ಬಂದವರೆಲ್ಲ ಪದ್ಧತಿಯಂತೆ ಪಿಸುಗುಟ್ಟುತ್ತಿದ್ದರು. ಕೆಂಪತ್ತೆ ನಿಂತಳು. ಕಪ್ಪು ಕಲ್ಲಿಗೆ ಅಂಗೈ ಊರಿ ಉಸಿರು ತೆಗೆದುಕೊಂಡು, ಮಗ್ಗದ ಸದ್ದಿನ ಮೇಲೆ ಮಾತಾಡಿ ರೂಢಿಯಾಗಿದ್ದ ಆ ಹಳೆಯ ಗಂಟಲಿನಲ್ಲಿ, ದಾರಿಯವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದಳು.

"ಇವಳು ವನಜಾಕ್ಷಿ. ಅನಸೂಯತ್ತಿಗೆ ಮಗಳು. ಹುಟ್ಟಿದ್ದು ಫೆಬ್ರವರಿ ಹದಿನಾರು, ಸಾವಿರದ ಒಂಬೈನೂರ ಎಂಬತ್ತು, ಸಾಯಂಕಾಲ ನಾಲ್ಕು ಗಂಟೆ ಹದಿನೆಂಟು ನಿಮಿಷ. ಬರ್ಕೋ."